ಕಂದು ಕಾಲುಗಳು: ಗೋಡೆಗೂಡಿನ ಡಬ್ಬಿ

“ಕಾಲನ್ನ ಕಿಟಕಿ ಕಡೆ ತಿರುಗಿಸು ಮಗಳೇ. ಇನ್ನೊಂಚೂರು.”

“ಒಂದು ಸಾಕಾ ನರ್ಸಮ್ಮ, ಎರಡೂ ಬೇಕಾ? ಭಾನುವಾರದವರೆಗೂ ಎರಡೂ ಬಿಡುವಾಗೇ ಇವೆ.”

ಹದಿನೇಳರ ಕ್ಲಿಯೋನಾ ಗಾಕನ್ ತಮಾಷೆಗೆಂದೇ ಹೇಳಿದಳು. ಆದರೆ ಸ್ಪರ್ಧೆ ಇದ್ದದ್ದೇ ಭಾನುವಾರ. ಪಶ್ಚಿಮ ಪ್ರಾಂತ್ಯದ ನೃತ್ಯಸ್ಪರ್ಧೆಯಲ್ಲಿ ನಾಲ್ಕು ವರ್ಷದಿಂದ ಮೊದಲ ಸ್ಥಾನ ಬಿಟ್ಟುಕೊಡದ ಹುಡುಗಿ ಈಗ ಅಡುಗೆಮನೆಯ ಸೋಫಾದಲ್ಲಿ, ಎರಡೂ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಕೂತಿದ್ದಳು.

ಡಿಂಪ್ನಾ ಹೆನೆಗನ್ ನೆಲದ ಮೇಲೆ ಮಂಡಿಯೂರಿದ್ದಳು. ಮೂವತ್ತೊಂದು ವರ್ಷ ಗಾಲ್ವೇಯ ಆಸ್ಪತ್ರೆಯಲ್ಲಿ ಚರ್ಮರೋಗದ ನರ್ಸಾಗಿ, ಜನರ ಬೆನ್ನಿಗೆ ಪಟ್ಟಿ ಅಂಟಿಸಿ ಯಾರಿಗೆ ಏನು ಆಗಿಬರುವುದಿಲ್ಲವೆಂದು ಓದಿ ಹೇಳಿದ ಹೆಂಗಸು. ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ಆ ಮಂಡಿ ಪ್ರಾರ್ಥನೆಗೆ ಎಷ್ಟು ಊರಿತ್ತೋ ರೋಗಿಗಳ ಕಾಲ ಬಳಿಯೂ ಅಷ್ಟೇ ಊರಿತ್ತು.

ಇವತ್ತು ಮಾತ್ರ ಎರಡರಲ್ಲೂ ನೆಮ್ಮದಿಯಿರಲಿಲ್ಲ. ಬೆಳಗಿನ ಪೂಜೆಯಲ್ಲಿ ಜಪಸರದ ಮೂರನೇ ಹತ್ತು ಮಣಿಗೆ ಬೆರಳು ನಿಂತುಬಿಟ್ಟಿತ್ತು. ಹಿಂದಕ್ಕೆ ಬಂದು ಮತ್ತೆ ಶುರು ಮಾಡಿದರೆ ಮತ್ತೆ ಅಲ್ಲೇ.

ಕ್ಲಿಯೋನಾಳ ಕಾಲಿಗೆ ಬಳಿಯುವ ಟ್ಯಾನ್ ಎಂಬ ಕಂದು ಬಣ್ಣದ ಬಾಟಲಿಗೆ ಏನೋ ಬೆರೆಸಿದಳೆಂಬ ಆರೋಪ ಹೊತ್ತು ಮಜೆಲ್ಲಾ ಡರ್ಕನ್ ಒಂಬತ್ತು ಗಂಟೆಯಿಂದ ಠಾಣೆಯಲ್ಲಿದ್ದಳು. ಸಂಜೆ ಆರಕ್ಕೆ ಬಂಧನದ ಕಾಗದ ಬರೆಯುತ್ತೇನೆಂದು ಸಾರ್ಜೆಂಟ್ ಫಿಂಟನ್ ಲಾಫ್ಟಸ್ ಹೇಳಿಬಿಟ್ಟಿದ್ದ. ಆ ಮಜೆಲ್ಲಾಳನ್ನು ಜ್ಞಾನಸ್ನಾನದ ದಿನ ತೋಳಲ್ಲಿ ಹಿಡಿದು ನಿಂತವಳು ಡಿಂಪ್ನಾ. ದೇವರ ಮುಂದೆ ಅವಳ ಹೊಣೆ ಹೊತ್ತ ಜ್ಞಾನತಾಯಿ.

ಗೋಡೆ ಗಡಿಯಾರ ಎರಡೂವರೆ ತೋರಿಸುತ್ತಿತ್ತು.

ಕಿಲ್‌ಬ್ರಾಕ್ ಊರಿನ ನೃತ್ಯದ ಹುಡುಗಿಯರೆಲ್ಲ ಸ್ಪರ್ಧೆಯ ವಾರ ಮಜೆಲ್ಲಾಳ ಶೆಡ್ಡಿಗೆ ಹೋಗಿ, ಕಾಲಿಗೆ ಮೂರು ಕೋಟು ಕಂದು ಬಳಿಸಿಕೊಂಡು ಬರುವವರೇ. ಬಿಳಿಚಿದ ಕಾಲಿನಲ್ಲಿ ವೇದಿಕೆ ಹತ್ತಿದರೆ ದೀಪದ ಕೆಳಗೆ ಸ್ನಾಯು ಕಾಣುವುದಿಲ್ಲ, ತೀರ್ಪುಗಾರರ ಕಣ್ಣು ಪಕ್ಕದವಳ ಮೇಲೆ ಹೋಗುತ್ತದೆ. ನವೆಂಬರಿನ ಚಳಿಯಲ್ಲಿ ಮಳೆ ನೆನೆದ ಬೀದಿಯಲ್ಲಿ ಕಂದು ಕಾಲು ಕಂಡವೆಂದರೆ ಸ್ಪರ್ಧೆ ಹತ್ತಿರವಾಯಿತು ಅಂತಲೇ.

ಮಜೆಲ್ಲಾಳ ಮಗಳು ಗ್ರಾನ್ಯಾ ಕೂಡ ಕುಣಿಯುತ್ತಾಳೆ. ನಾಲ್ಕು ವರ್ಷವೂ ಎರಡನೇ ಸ್ಥಾನ. ಹದಿನೈದು ದಿನದ ಹಿಂದೆ ನೃತ್ಯಶಾಲೆಯ ಬಾಗಿಲಲ್ಲಿ ಮಜೆಲ್ಲಾ, “ಈ ಸಲ ಕ್ಲಿಯೋನಾ ಕಾಲು ನೆಲ ಬಿಟ್ಟು ಏಳಲ್ಲ, ನೋಡ್ತಿರಿ,” ಅಂದದ್ದನ್ನು ಎಂಟು ಮಂದಿ ತಾಯಂದಿರು ಕೇಳಿಸಿಕೊಂಡಿದ್ದರು. ಎಂಟು ಮಂದಿಯೂ ಸಾರ್ಜೆಂಟನಿಗೆ ಅದನ್ನೇ ಹೇಳಿದ್ದರು, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ.

ಡಿಂಪ್ನಾ ಹುಡುಗಿಯ ಕಾಲಿನ ಮೇಲೆ ಬೆರಳು ಅಡ್ಡ ಇಟ್ಟು ಅಳೆದಳು.

ಟ್ಯಾನ್ ತೊಡೆಯಿಂದ ಹಿಮ್ಮಡಿಯವರೆಗೆ ಒಂದೇ ಸಮನೆ ಹಬ್ಬಿತ್ತು. ಗುಳ್ಳೆ ಹಾಗಲ್ಲ. ಮೊಣಕಾಲಿನ ಕೆಳಗೆ ಮೂರು ಬೆರಳು ಬಿಟ್ಟು ಶುರುವಾಗಿ, ಪಾದದ ಗಂಟಿಗೆ ನಾಲ್ಕು ಬೆರಳು ಇರುವಂತೆ ನಿಂತಿತ್ತು. ಅದೂ ಮುಂಭಾಗದಲ್ಲಿ ಮಾತ್ರ. ಕೆಂಪಗೆ ಊದಿ, ನೀರು ತುಂಬಿ, ಅಲ್ಲಲ್ಲಿ ಒಡೆದು ಹಳದಿ ಹಕ್ಕಳೆ ಕಟ್ಟಿತ್ತು. ಹಿಂದಿನ ಮೀನಖಂಡ ಮಾತ್ರ ನುಣ್ಣಗೆ, ಕಂದಾಗಿ, ಏನೂ ಆಗದವರ ಕಾಲಿನ ಹಾಗೆ.

“ಕೂದಲು ಎತ್ತು. ಎಡಗಿವಿ ಬಗ್ಗಿಸು.”

ಕಿವಿಯ ಹಿಂದೆ ಅವರೆಕಾಳಿನಷ್ಟು ಕಂದು ಚುಕ್ಕೆ ಇತ್ತು. ಯಾರಿಗೇ ಆಗಲಿ, ಕಾಲಿಗೆ ಬಳಿಯುವ ಎರಡು ದಿನ ಮುಂಚೆ ಅದೇ ಬಾಟಲಿಯಿಂದ ಒಂದು ಹನಿ ಕಿವಿಯ ಹಿಂದೆ ಹಚ್ಚಿ ನೋಡದೆ ಮಜೆಲ್ಲಾ ಕುಂಚ ಎತ್ತುವುದಿಲ್ಲ. ಕೆಲವರಿಗೆ ಟ್ಯಾನ್‌ನ ಪರಿಮಳ ಆಗುವುದಿಲ್ಲ, ಕೆಲವರಿಗೆ ಅದು ಕೆಡದಂತೆ ಹಾಕುವ ಮದ್ದು ಆಗುವುದಿಲ್ಲ. ಅಂಥವರಿಗೆ ಕಿವಿ ಹಿಂದೆಯೇ ತುರಿಕೆ ಎದ್ದುಬಿಡುತ್ತದೆ. ಈ ಚುಕ್ಕೆಯ ಸುತ್ತ ಒಂದು ಕೆಂಪು ಗೆರೆಯೂ ಇರಲಿಲ್ಲ.

“ಟ್ಯಾನ್ ಹಚ್ಚಿದ್ದು ಯಾವಾಗ?”

“ಮಂಗಳವಾರ ರಾತ್ರಿ ಎಂಟಕ್ಕೆ.”

“ತುರಿಕೆ?”

“ಬುಧವಾರ ಬೆಳಗ್ಗೆ ಐದಕ್ಕೇ ಎದ್ದು ಕೂತಿದ್ದೆ. ಅಮ್ಮ ಎದ್ದು ಬಂದು ಬೈದಳು.”

ಒಂಬತ್ತು ಗಂಟೆ. ಡಿಂಪ್ನಾ ಮನಸ್ಸಿನಲ್ಲೇ ಎಣಿಸಿದಳು. ಇಂಥ ಗುಳ್ಳೆಗೆ ಒಂಬತ್ತು ಗಂಟೆ ಸಾಲದು. ಆಗದ ವಸ್ತು ಮೈಗೆ ತಾಗಿ ಒಂದು ಹಗಲು ಒಂದು ರಾತ್ರಿಯಾದರೂ ಕಳೆಯಬೇಕು, ಆಮೇಲೆ ಅದು ತನ್ನ ಬಣ್ಣ ತೋರಿಸುವುದು.

“ನೊರೀನ್,” ಎಂದಳು ತಿರುಗದೆಯೇ. “ಮಂಗಳವಾರ ಬೆಳಗ್ಗೆ ಇವಳ ಕಾಲಿಗೆ ಏನು ಹಚ್ಚಿದೆ?”

ಸಿಂಕಿನ ಬಳಿ ಕ್ಲಿಯೋನಾಳ ತಾಯಿ ಆಗಿನಿಂದ ಒಂದೇ ಕಪ್ಪನ್ನು ತೊಳೆಯುತ್ತಿದ್ದಳು. ನೀರು ಬೀಳುತ್ತಲೇ ಇತ್ತು.

“ಏನೂ ಇಲ್ಲ. ನಾನ್ಯಾಕೆ ಹಚ್ಚಲಿ? ನೀವು ನಿಮ್ಮ ಮಜೆಲ್ಲಾನ ಉಳಿಸ್ಕೊಳ್ಳೋಕೆ ಬಂದಿದೀರ ಅಂತ ನನಗೆ ಗೊತ್ತಾಗಲ್ವಾ?”

“ಉಳಿಸೋಕೇ ಬಂದಿದೀನಿ. ಅದರಲ್ಲಿ ಮುಚ್ಚುಮರೆ ಏನಿದೆ? ಆದ್ರೆ ಈ ಗುಳ್ಳೆ ಮಜೆಲ್ಲಾ ಕುಂಚ ಆಡಿದ ಕಡೆ ಎದ್ದಿಲ್ಲ ಕಣೇ. ಬೇರೆ ಯಾರದೋ ಬೆರಳು ಆಡಿದ ಕಡೆ ಎದ್ದಿದೆ.”

“ಅಮ್ಮ, ಹೇಳ್ಬಿಡು,” ಎಂದಳು ಕ್ಲಿಯೋನಾ.

“ನೀನು ಸುಮ್ನಿರು.”

“ನೀನು ಹೇಳಲ್ಲ ಅಂದ್ರೆ ನಾನು ಹೇಳ್ತೀನಿ. ಸೋಮವಾರ ಕೂದಲು ತೆಗೆಯೋಕೆ ಮೇಣ ಬಿಸಿ ಮಾಡಿದ್ದೆ ನರ್ಸಮ್ಮ. ಜಾಸ್ತಿ ಕಾದುಬಿಟ್ಟಿತ್ತು. ಎರಡು ಮೊಣಕಾಲಿನ ಕೆಳಗೂ ಹಾಕ್ಕೊಂಡೆ, ಮುಂದಗಡೆ ಅಷ್ಟೇ. ಸುಟ್ಟೋಯ್ತು. ಹಿಂದಕ್ಕೆ ಹಾಕೋ ಧೈರ್ಯ ಬರ್ಲಿಲ್ಲ.”

ನೊರೀನ್ ನಲ್ಲಿ ನಿಲ್ಲಿಸಿದಳು.

ಸುಟ್ಟ ಗಾಯಕ್ಕೆ ಕಪ್ಪುಕೆರೆಯ ಬಾರ್ಟ್ಲಿ ಗಿಲ್ಡೇ ಹತ್ತಿರ ಮದ್ದಿದೆಯೆಂಬುದು ಈ ಸೀಮೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಅವನ ಮನೆಗೆ ಹೋಗಿ ಕೇಳುವಂತಿಲ್ಲ. ಗೇಟಿನ ಪಕ್ಕದ ಗೋಡೆಯಲ್ಲಿ ಒಂದು ಗೂಡು. ಸಂಜೆ ಅದರಲ್ಲಿ ಸುಟ್ಟವರ ಹೆಸರು, ಸುಟ್ಟ ಜಾಗ ಬರೆದ ಚೀಟಿ ಇಟ್ಟು ಬರಬೇಕು. ಬೆಳಗ್ಗೆ ಅದೇ ಚೀಟಿ ಸುತ್ತಿ ದಾರ ಕಟ್ಟಿದ ಒಂದು ಡಬ್ಬಿ ಅಲ್ಲಿರುತ್ತದೆ. ದುಡ್ಡು ಕೊಡಬಾರದು. ‘ಉಪಕಾರವಾಯ್ತು’ ಅನ್ನಬಾರದು. ಮುಖ್ಯವಾಗಿ, ಗಾಯ ಮಾಯುವವರೆಗೂ ಯಾರ ಮುಂದೆಯೂ ಬಾಯಿ ಬಿಡಬಾರದು. ಬಿಟ್ಟರೆ ಮದ್ದು ಹಿಂದಕ್ಕೆ ಹೋಗಿ ಗಾಯ ಕೆಡುತ್ತದೆ.

“ಮಂಗಳವಾರ ಎರಡು ಸಲ ಹಚ್ಚಿದೆ,” ನೊರೀನ್ ಅಪ್ರಾನಿಗೆ ಕೈ ಒರೆಸುತ್ತಲೇ ಇದ್ದಳು, ಕೈ ಎಂದೋ ಒಣಗಿತ್ತು. “ಸಂಜೆಗೆ ಕೆಂಪು ಇಳಿದಿತ್ತು. ಒರೆಸಿ ಕಳಿಸಿದೆ. ಸುಟ್ಟಿದೆ ಅಂತ ಗೊತ್ತಾದ್ರೆ ಮಜೆಲ್ಲಾ ಟ್ಯಾನ್ ಹಚ್ಚಲ್ಲ ಅಂತಿದ್ಲು. ಅವಳ ಶಿಸ್ತು ನಿಮಗೆ ಗೊತ್ತಲ್ಲ.”

“ಡಾಕ್ಟರಿಗೆ ಹೇಳ್ಲಿಲ್ಲ.”

“ಇಲ್ಲ.”

“ಸಾರ್ಜೆಂಟಿಗೂ ಹೇಳ್ಲಿಲ್ಲ.”

“ಹೇಗ್ ಹೇಳ್ಲಿ ನರ್ಸಮ್ಮ? ಗಾಯ ಇನ್ನೂ ವಾಸಿಯಾಗಿಲ್ಲ. ನಮ್ಮಜ್ಜಿ ಒಂದ್ಸಲ ಹೇಳಿ, ನಮ್ಮ ಚಿಕ್ಕಪ್ಪನ ಕೈ ಆರು ತಿಂಗಳು ಕೀವಾಡಿತ್ತು. ನನ್ನ ಮಗಳ ಕಾಲದು. ನಾನು ಹೇಗ್ ಬಾಯಿ ಬಿಡ್ಲಿ?”

ಡಿಂಪ್ನಾಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತನ್ನ ಅಮ್ಮನೂ ತನ್ನನ್ನು ಕಂಕುಳಲ್ಲಿಟ್ಟುಕೊಂಡು ಆ ಗೂಡಿನ ಮುಂದೆ ನಿಂತವಳೇ.

“ಡಬ್ಬಿ ಎಲ್ಲಿ?”

ಕಿಟಕಿಯಲ್ಲಿದ್ದ ಬಾಲಯೇಸುವಿನ ಪ್ರತಿಮೆಯ ಹಿಂದಿನಿಂದ ನೊರೀನ್ ಅದನ್ನು ತೆಗೆದುಕೊಟ್ಟಳು. ಚಪ್ಪಟೆ ತಗಡಿನ ಡಬ್ಬಿ, ಚೀಟಿ ಇನ್ನೂ ದಾರದಲ್ಲಿತ್ತು. ನೊರೀನಳದೇ ಅಕ್ಷರ: ಕ್ಲಿಯೋನಾ ಗಾಕನ್, ಎರಡೂ ಕಾಲು.

ಡಿಂಪ್ನಾ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಳು. ಕುರಿಯ ಕೊಬ್ಬು. ಮೇಣ. ಯಾವುದೋ ಎಲೆಯ ಕಹಿ. ಅದರಡಿಯಲ್ಲಿ ಇನ್ನೊಂದು, ಬೆಚ್ಚಗೆ, ಹಳೇ ಮರದ ಪೆಟ್ಟಿಗೆ ತೆರೆದ ಹಾಗೆ. ಕಣ್ಣು ಮುಚ್ಚಿದಳು. ಜೇನುಹುಳುಗಳು ಮರದ ಗೋಂದು ತಂದು ಗೂಡಿನ ಬಿರುಕು ಮುಚ್ಚುವ ಆ ಕಂದು ಅಂಟು.

ಆರು ವರ್ಷದ ಹಿಂದೆ, ತುಟಿಗೆ ಹಚ್ಚುವ ಎಣ್ಣೆಯೊಂದರಿಂದ ಬಾಯಿ ಊದಿಸಿಕೊಂಡು ಬಂದ ಹನ್ನೊಂದರ ಕ್ಲಿಯೋನಾಳ ಬೆನ್ನಿಗೆ ಪಟ್ಟಿ ಅಂಟಿಸಿದವಳು ಅವಳೇ. ಮುಖ ಮರೆತಾಳು, ಬೆನ್ನು ಮರೆಯಳು. ಕೆಂಪಗೆ ಎದ್ದಿದ್ದದ್ದು ನಾಲ್ಕನೇ ಸಾಲು, ಎರಡನೇ ಚುಕ್ಕೆ. ಹುಳದ ಅಂಟು.

“ಆವಾಗ ಕೊಟ್ಟ ಕಾಗದ ಇಟ್ಕೊಂಡಿದೀಯಾ ನೊರೀನ್? ಇವಳ ಮೈಗೆ ಯಾವುದು ಆಗಲ್ಲ ಅಂತ ಬರೆದುಕೊಟ್ಟಿದ್ದು?”

“ಎಲ್ಲೋ ಇರಬೇಕು. ಮಜೆಲ್ಲಾ ಹತ್ರ ನಕಲಿದೆ. ಟ್ಯಾನ್‌ಗೆ ಸೇರಿಸಿಕೊಳ್ಳೋ ದಿನವೇ ಕೇಳಿ ಇಸ್ಕೊಂಡ್ಲು. ಎಲ್ಲ ಹುಡುಗೀರದೂ ಇಟ್ಟಿದಾಳೆ.”

ಅದನ್ನು ಮಜೆಲ್ಲಾಳಿಗೆ ಕಲಿಸಿದ್ದು ತಾನೇ ಎಂದು ಡಿಂಪ್ನಾಳಿಗೆ ಹೆಮ್ಮೆಯೆನಿಸಿತು.

“ನೊರೀನ್, ನಾನು ಬಾಯಿ ಬಿಡಿಸಿದೆ ಅಂತ ಪಾಪ ನನ್ನ ತಲೆಗೆ ಕಟ್ಟು. ಆದ್ರೆ ಸಾರ್ಜೆಂಟಿಗೆ ಇದನ್ನ ನೀನೇ ಫೋನ್ ಮಾಡಿ ಹೇಳ್ಬೇಕು. ಆರರೊಳಗೆ.”

ನೊರೀನ್ ಮಗಳ ಕಾಲನ್ನೇ ನೋಡುತ್ತಿದ್ದಳು.

*

ಕಾರಿನಲ್ಲಿ ಕೂತು ಸಾರ್ಜೆಂಟನಿಗೆ ಫೋನು ಮಾಡಿದಳು. ಮೂರೂಕಾಲು.

“ಫಿಂಟನ್, ಕಿವಿ ಹಿಂದೆ ಹಚ್ಚಿದ ಅದೇ ಟ್ಯಾನ್ ಏನೂ ಮಾಡಿಲ್ಲ. ನಾನೇ ನೋಡಿದೆ.”

“ಕಿವಿ ಹಿಂದೆ ನೋಡಿ ಕೇಸು ಬಿಡೋ ಅಧಿಕಾರ ಸರ್ಕಾರ ನನಗೆ ಕೊಟ್ಟಿಲ್ಲ ನರ್ಸಮ್ಮ. ಕಿವಿಗೆ ಹಚ್ಚಿದ್ದು ಹೋದ ಭಾನುವಾರ. ಮಂಗಳವಾರದೊಳಗೆ ಬಾಟಲಿಗೆ ಏನು ಬೇಕಾದ್ರೂ ಬಿದ್ದಿರಬಹುದು.”

“ಹಾಗಾದ್ರೆ ಮೀನಖಂಡಕ್ಕೂ ಗುಳ್ಳೆ ಬರಬೇಕಿತ್ತಲ್ಲ?”

ಆ ಕಡೆ ಪೆನ್ನು ಮೇಜಿಗೆ ತಟ್ಟುವ ಸದ್ದು. “ಮಜೆಲ್ಲಾನೇ ಒಂದು ಮಾತಾಡಿದ್ರೆ ಆಗ್ತಿತ್ತು. ಬೆಳಗಿಂದ ಬಾಯಿ ಬಿಟ್ಟಿಲ್ಲ. ‘ನಾನು ಟ್ಯಾನ್‌ಗೆ ಏನೂ ಹಾಕಿಲ್ಲ’ ಅನ್ನೋದೊಂದೇ. ಟೀ ಕೊಟ್ರೆ ಅದನ್ನೂ ಮುಟ್ಟಿಲ್ಲ. ನನಗೂ ಬೇಜಾರೇ. ನಮ್ಮ ಹುಡುಗಿ ಕಾಲಿಗೂ ಅವಳೇ ಬಳಿಯೋದು.”

“ಆರರವರೆಗೂ ಕಾಯ್ತೀಯಲ್ಲ?”

“ಆರು ಅಂದ್ರೆ ಆರು.”

ಕಪ್ಪುಕೆರೆಗೆ ಹನ್ನೆರಡು ಮೈಲಿ. ದಾರಿಯುದ್ದಕ್ಕೂ ಅವಳು ಗೇರು ಬದಲಿಸಿದ್ದೇ ಬದಲಿಸಿದ್ದು. ಕಾರು ಮುಂದೆ ಹೋಗುತ್ತಿದ್ದರೂ ತಾನು ನಿಂತಲ್ಲೇ ಇದ್ದೇನೆ ಅನಿಸುತ್ತಿತ್ತು. ಎರಡು ಸಲ ಜಪಸರಕ್ಕೆ ಕೈ ಹಾಕಿ ಎರಡು ಸಲವೂ ಬಿಟ್ಟಳು. ಎಡಕ್ಕೆ ಬೋಳು ಗುಡ್ಡ, ಬಲಕ್ಕೆ ಕಡಿದ ಜೌಗುನೆಲ, ನಡುವೆ ಕುರಿಗಳು ರಸ್ತೆಯನ್ನೇ ತಮ್ಮದು ಮಾಡಿಕೊಂಡು ನಿಂತಿದ್ದವು.

ಬೇಕಾದದ್ದು ಒಂದೇ ಮಾತು. ‘ಹೌದು, ನನ್ನ ಮದ್ದಿನಲ್ಲಿ ಹುಳದ ಅಂಟಿದೆ’ ಎಂದು ಬಾರ್ಟ್ಲಿ ಹೇಳಿದರೆ ಸಾಕು. ಮುದುಕನಿಗೆ ಆ ಹುಡುಗಿಯ ಬೆನ್ನಿನ ವಿಷಯ ಗೊತ್ತಿಲ್ಲ. ಯಾರದೂ ತಪ್ಪಲ್ಲ. ಮಜೆಲ್ಲಾ ಮನೆಗೆ ಹೋಗುತ್ತಾಳೆ, ಗ್ರಾನ್ಯಾ ಭಾನುವಾರ ಕುಣಿಯುತ್ತಾಳೆ.

ಆದರೆ ಅದೇ ಮಾತನ್ನು ಬಾರ್ಟ್ಲಿ ಎಂಬತ್ತೊಂದು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ.

*

ಅಂಗಳ ಕೆಸರಾಗಿತ್ತೆಂದು ಕಾರನ್ನು ಉರುವಲಿಗೆ ಕಡಿದು ಒಣಗಿಸಿದ ಜೌಗುಮಣ್ಣಿನ ಹೆಂಟೆಗಳ ರಾಶಿಯ ಹಿಂದೆ ನಿಲ್ಲಿಸಿ ನಡೆದು ಬಂದಳು. ಗೇಟಿನ ಪಕ್ಕದ ಗೂಡಿನಲ್ಲಿ ಒಂದು ಚೀಟಿ ಇತ್ತು, ಗಾಳಿಗೆ ಹಾರದಂತೆ ಕಲ್ಲು ಹೇರಿ. ಅವಳು ಅದನ್ನು ಮುಟ್ಟಲಿಲ್ಲ.

“ಬಾ ನರ್ಸವ್ವ. ಬಾಗ್ಲು ತಳ್ಳು, ನಾನು ಏಳಲ್ಲ,” ಒಳಗಿನಿಂದಲೇ ಕೂಗಿದ ಬಾರ್ಟ್ಲಿ. “ನಿನ್ ನಡಿಗೆ ಸದ್ದು ನಿಮ್ಮವ್ವಂದೇ.”

ಒಲೆಯಲ್ಲಿ ಹೆಂಟೆಯ ಉರಿ ಕೆಂಪಗೆ ಮಲಗಿತ್ತು. ಮುದುಕ ಅದರ ಪಕ್ಕ ಕುರ್ಚಿಯಲ್ಲಿ, ಕೋಟು ಹಾಕಿಕೊಂಡೇ ಕೂತಿದ್ದ. ಕೈ ಎರಡೂ ಕಂಬಳಿಯೊಳಗೆ.

“ಟೀ ಕುಡೀತೀಯಾ? ನೀನೇ ಮಾಡ್ಕೋಬೇಕು. ನನಗೂ ಒಂದು.”

“ಆಮೇಲೆ. ಬಾರ್ಟ್ಲಿ, ಒಂದು ವಿಷಯ ಕೇಳೋಕೆ ಬಂದೆ. ಕೇಳಬಾರದ್ದು.”

“ಕೇಳಬಾರದು ಅಂತ ಗೊತ್ತಿದ್ ಮೇಲೆ ಹನ್ನೆರಡು ಮೈಲಿ ಯಾಕೆ ಬಂದೆ?”

“ಒಬ್ಬ ಹುಡುಗಿ ಕಾಲು ಬೆಂದ ಹಾಗಾಗಿದೆ. ಇನ್ನೊಬ್ಬಳು ಹೆಂಗಸು ಅದಕ್ಕೆ ಜೈಲಿಗೆ ಹೋಗ್ತಾಳೆ. ನಿನ್ನ ಮದ್ದಲ್ಲಿ ಏನಿದೆ ಹೇಳು.”

ಮುದುಕ ನಕ್ಕ. ಸಿಟ್ಟಿನ ನಗುವಲ್ಲ, ಚಿಕ್ಕ ಮಕ್ಕಳು ಚಂದ್ರನನ್ನು ಕೇಳಿದಾಗ ನಗುವ ನಗು.

“ನಮ್ಮವ್ವ ನನಗೆ ಕೊಟ್ಳು, ಅವಳಿಗೆ ಅವಳ ಮಾವ. ಗಂಡಸಿಂದ ಹೆಂಗಸಿಗೆ, ಹೆಂಗಸಿಂದ ಗಂಡಸಿಗೆ. ನಡುವೆ ಯಾರ್ ಕೇಳಿದ್ರೂ ಇಲ್ಲ. ಐವತ್ತೆರಡನೇ ಇಸವೀಲಿ ಬಿಷಪ್ಪರೇ ಬಂದು ನಮ್ಮವ್ವನ್ನ ಕೇಳಿದ್ರು, ಕೈ ಸುಟ್ಕೊಂಡು. ಅವರಿಗೇ ಹೇಳ್ಲಿಲ್ಲ. ಮದ್ದು ಕೊಟ್ಟೆವು, ಆಶೀರ್ವಾದ ಮಾಡಿ ಹೋದ್ರು.”

“ನಾನು ಬಿಷಪ್ ಅಲ್ಲ. ನನಗೆ ಎಲ್ಲಾನೂ ಬೇಡ. ಒಂದೇ ಒಂದು.”

“ಒಂದು ಹೇಳಿದ್ರೂ ಅಷ್ಟೆ, ಎಲ್ಲ ಹೇಳಿದ್ರೂ ಅಷ್ಟೆ.”

“ಬಾರ್ಟ್ಲಿ, ನಾನು ದೇವರ ಮೇಲೆ ನಂಬಿಕೆ ಇಟ್ಟವಳು. ನಿನ್ನ ಮದ್ದನ್ನ ಹೀಯಾಳಿಸೋಕೆ ಬಂದಿಲ್ಲ. ಒಳ್ಳೇದು ಮಾಡೋ ವಸ್ತುವೇ ಯಾರೋ ಒಬ್ಬರಿಗೆ ಆಗಲ್ಲ. ನನ್ನ ಕಸುಬೇ ಅದು. ಹಾಲು ಆಗದ ಮಕ್ಕಳಿವೆ, ಅದು ಹಾಲಿನ ತಪ್ಪಾ?”

ಅವನು ಉರಿಯನ್ನೇ ನೋಡುತ್ತಿದ್ದ. “ನಿನ್ ಮಾತು ಚೆನ್ನಾಗದೆ. ಆದ್ರೂ ಇಲ್ಲ.”

ಗೋಡೆಯ ಮೇಲೆ ನಾಲ್ಕೂಕಾಲು. ಡಿಂಪ್ನಾ ಎದ್ದಳು, ಕೂತಳು, ಮತ್ತೆ ಎದ್ದಳು. ಕಿಟಕಿಯ ತನಕ ಹೋಗಿ ಬಂದಳು. ಕೆರೆಯ ಮೇಲೆ ಬೆಳಕು ಇಳಿಯತೊಡಗಿತ್ತು. ಚೀಲದಿಂದ ಡಬ್ಬಿ ತೆಗೆದು ಅವನ ಮುಂದೆ ಹಿಡಿದಳು.

“ಇದನ್ನ ನೋಡು ಮತ್ತೆ. ನಿಂದೇ ಅಲ್ವಾ? ತೆಗೆದು ವಾಸನೆ ನೋಡು. ಏನೂ ಹೇಳಬೇಡ, ನಿನ್ನ ಮುಖ ನೋಡಿ ನಾನೇ ತಿಳ್ಕೋತೀನಿ.”

ಕಂಬಳಿಯೊಳಗಿಂದ ಕೈಗಳು ಬಂದವು.

ಡಿಂಪ್ನಾ ಆ ಕೈಗಳನ್ನು ನೋಡಿದಳು. ಬೆರಳುಗಳು ಒಂದರ ಮೇಲೊಂದು ಏರಿ, ಗೆಣ್ಣುಗಳು ಅಡಿಕೆಯಂತೆ ಊದಿ, ಎರಡು ಕೈಯೂ ಮುಷ್ಟಿಯಾಗಿ ಗಂಟು ಹಾಕಿಕೊಂಡಿದ್ದವು. ಅವನು ಡಬ್ಬಿಯನ್ನು ಮಣಿಕಟ್ಟುಗಳ ನಡುವೆ ಹಿಡಿದ. ಮುಚ್ಚಳಕ್ಕೆ ಹೆಬ್ಬೆರಳು ಒತ್ತಿದ. ಜಾರಿತು. ಮತ್ತೆ ಒತ್ತಿದ. ಡಬ್ಬಿ ಮಡಿಲಿಗೆ ಬಿತ್ತು.

ಅವಳು ಒಲೆಯ ಪಕ್ಕದ ಮೊಳೆಗೆ ನೇತುಹಾಕಿದ್ದ ಕಬ್ಬಿಣದ ಬೋಗುಣಿಯತ್ತ ತಿರುಗಿದಳು. ಅದರ ಬಾಯಿಗೆ ಜೇಡ ಬಲೆ ಕಟ್ಟಿತ್ತು.

“ಯಾವಾಗಿಂದ ಬಾರ್ಟ್ಲಿ?”

“ಏನು ಯಾವಾಗಿಂದ?”

“ಮದ್ದು ಕಲಸೋದು ಬಿಟ್ಟು.”

ಹೆಂಟೆಯೊಂದು ಕುಸಿದು ಕಿಡಿ ಎದ್ದಿತು.

“ಕಣ್ಣು ಚುರುಕು ನಿಂದು,” ಎಂದ ಮುದುಕ. “ಸಕಲ ಸಂತರ ಹಬ್ಬದ ಹಿಂದಿನ ದಿನ ಕೊಟ್ಟುಬಿಟ್ಟೆ. ಚಮಚ ಹಿಡಿಯೋಕೂ ಆಗದೋನು ಮದ್ದು ಹಿಡ್ಕೊಂಡು ಏನ್ ಮಾಡ್ಲಿ? ನನ್ ಜೊತೆ ಮಣ್ಣಿಗೆ ಹೋಗಬಾರದಲ್ಲ.”

“ಯಾರಿಗೆ?”

“ಅದೂ ಹೇಳೋ ಹಂಗಿಲ್ಲ. ಕೊಟ್ಟೋನು ಪಡೆದೋಳ ಹೆಸರು ಹೇಳಬಾರದು, ಪಡೆದೋಳು ಕೊಟ್ಟೋನ ಹೆಸರು ಹೇಳಬಾರದು. ನನ್ನ ಹೆಣ ಎತ್ತಿದ ಮೇಲೆ ಊರಿಗೆ ತಿಳೀತದೆ. ಅಲ್ಲಿವರೆಗೂ ಜನ ಬಾರ್ಟ್ಲಿ ಮದ್ದು ಅಂತಲೇ ತಗೊಂಡು ಹೋಗ್ತಾರೆ.”

ಪಡೆದೋಳು. ಡಿಂಪ್ನಾ ಅದನ್ನು ಹಿಡಿದುಕೊಂಡಳು. ಹೆಂಗಸು. ಚೀಟಿಯಲ್ಲಿ ಕ್ಲಿಯೋನಾಳ ಹೆಸರು ಓದಿ, ಅದೇ ಚೀಟಿ ಸುತ್ತಿ ಡಬ್ಬಿ ಇಟ್ಟವಳು.

ಅವಳೇ ಮುಚ್ಚಳ ತೆಗೆದು ಡಬ್ಬಿಯನ್ನು ಅವನ ಮೂಗಿಗೆ ಹಿಡಿದಳು. ಬಾರ್ಟ್ಲಿ ಒಮ್ಮೆ ಎಳೆದುಕೊಂಡ. ಇನ್ನೊಮ್ಮೆ. ಮುಖದ ಮೇಲಿನ ನಗು ಒರೆಸಿಟ್ಟಂತೆ ಹೋಯಿತು.

“ಯಾರು ಮಾಡಿದ್ದಿದು?”

“ನಿನ್ನ ಗೂಡಲ್ಲಿ ಸಿಕ್ಕಿದ್ದು. ಮಂಗಳವಾರ ಬೆಳಗ್ಗೆ.”

“ಹುಳದ ಅಂಟು ಹಾಕವ್ರೆ.”

“ನಿನ್ನ ಮದ್ದಲ್ಲಿ ಅದಿದೆಯಾ?”

ಅವನು ಅವಳನ್ನೇ ನೋಡಿದ. ಆ ಹಳೇ ಕಣ್ಣಿನಲ್ಲಿ ಏನೋ ತೂಗಿ ನೋಡುತ್ತಿದ್ದ.

“ಏನದೆ ಅಂತ ಹೇಳಬಾರದು ಅಂತ ನಮ್ಮವ್ವ ಆಣೆ ಹಾಕ್ಸಿದ್ಲು,” ಎಂದ ನಿಧಾನವಾಗಿ. “ಏನಿಲ್ಲ ಅಂತ ಹೇಳಬಾರದು ಅಂದಿರ್ಲಿಲ್ಲ. ಇಲ್ಲ ನರ್ಸವ್ವ. ಅದರಲ್ಲಿ ಹುಳದ ಅಂಟಿಲ್ಲ. ಯಾವತ್ತೂ ಇರ್ಲಿಲ್ಲ. ನಾನು ಕಲಿಸಿದ್ದರಲ್ಲೂ ಇಲ್ಲ.”

ಬೇಕೆಂದು ಹನ್ನೆರಡು ಮೈಲಿ ಬಂದದ್ದು ‘ಹೌದು’ ಎಂಬ ಮಾತಿಗೆ. ಸಿಕ್ಕಿದ್ದು ‘ಇಲ್ಲ’. ಹಾಗಾದರೆ ಇದು ಅರಿಯದೆ ಆಗಿಹೋದದ್ದಲ್ಲ. ಬೆರೆಸಿದ್ದು. ಕ್ಲಿಯೋನಾಳ ಹೆಸರು ಓದಿ, ಆ ಹುಡುಗಿಗೆ ಏನು ಆಗದೋ ಅದನ್ನೇ ಹುಡುಕಿ ಬೆರೆಸಿದ್ದು.

ಆ ಹುಡುಗಿಗೆ ಏನು ಆಗದೆಂಬುದು ಗೊತ್ತಿದ್ದವರು ಎಷ್ಟು ಮಂದಿ? ತಾಯಿ. ತಾನು. ಮತ್ತೆ—

ಆ ಯೋಚನೆಯನ್ನು ಅವಳು ಅಲ್ಲೇ ಬಿಟ್ಟಳು.

“ಹೆಸರು ಹೇಳು ಬಾರ್ಟ್ಲಿ. ಆರಕ್ಕೆ ಏನೂ ಮಾಡದ ಹೆಂಗಸನ್ನ ಒಳಗೆ ಹಾಕ್ತಾರೆ.”

“ಯಾರನ್ನ?”

“ಮಜೆಲ್ಲಾ ಡರ್ಕನ್. ನನ್ನ ಜ್ಞಾನಪುತ್ರಿ.”

ಮುದುಕ ಕೈಗಳನ್ನು ಒಂದೊಂದಾಗಿ ಎಳೆದು ಕಂಬಳಿಯೊಳಗೆ ಇಟ್ಟುಕೊಂಡ. ಆಮೇಲೆ ಮುಖವನ್ನೂ ಒಲೆಯ ಕಡೆ ತಿರುಗಿಸಿಬಿಟ್ಟ.

“ಬಾರ್ಟ್ಲಿ.”

“ಟೀ ಮಾಡ್ಕೊಂಡು ಕುಡಿದು ಹೊರಡವ್ವ. ಕತ್ತಲಾಗ್ತಾ ಅದೆ.”

“ಹೆಸರು ಕೇಳಿದೆ ನಾನು.”

“ನಾನೂ ಕೇಳಿಸ್ಕೊಂಡೆ.”

ಅಷ್ಟರಲ್ಲಿ ಚೀಲದೊಳಗೆ ಫೋನು ಗುಂಯ್‌ಗುಟ್ಟಿತು. ಸಾರ್ಜೆಂಟ್.

“ನರ್ಸಮ್ಮ, ನೀವು ಗೆದ್ರಿ,” ಅವನ ದನಿ ಹಗುರಾಗಿತ್ತು. “ನೊರೀನ್ ಗಾಕನ್ ಅಳ್ತಾ ಅಳ್ತಾ ಫೋನ್ ಮಾಡಿದ್ಲು. ಬಾರ್ಟ್ಲಿ ಮದ್ದಂತೆ. ಮೂರು ದಿನ ನನ್ನ ತಲೆ ತಿಂದು ಈಗ ಹೇಳ್ತಾಳೆ. ಮಜೆಲ್ಲಾನ ಬಿಟ್ಟು ಕಳಿಸಿದೆ, ಮುಕ್ಕಾಲು ಗಂಟೆ ಆಯ್ತು.”

ಡಿಂಪ್ನಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. “ಏನಂದ್ಲು ಅವಳು?”

“ಏನೂ ಅನ್ನಲಿಲ್ಲ. ‘ಬಾರ್ಟ್ಲಿ ಮದ್ದಿಂದ ಆಗಿದ್ದಂತೆ’ ಅಂದೆ. ಮುಖ ಬಿಳಚಿಕೊಂಡಿತು. ಕೋಟು ತಗೊಂಡು ಹೊರಟೇ ಹೋದ್ಲು. ಬೆಳಗಿಂದ ಊಟ ಇಲ್ಲ, ಮನೇಲಿ ಏನಾದ್ರೂ ತಿಂತಿರಬೇಕು. ಆ ಡಬ್ಬಿ ನಿಮ್ಮ ಹತ್ರ ಇದೆ ಅಂದ್ಲು ನೊರೀನ್. ಬರ್ತಾ ತಂದುಕೊಡ್ತೀರಾ? ಕಡತಕ್ಕೆ ಒಂದು ಬೇಕು. ಅಷ್ಟೇ, ಅವಸರ ಇಲ್ಲ.”

“ತರ್ತೀನಿ,” ಎಂದಳು. ಫೋನು ಇಟ್ಟಳು.

ಆಗ ಹೊರಗೆ ಕಾರಿನ ಸದ್ದು.

ಅವಳು ಕಿಟಕಿಗೆ ಹೋದಳು. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಗೇಟಿನ ಬಳಿ ನಿಂತ ಕಾರಿನ ಹಿಂದಿನ ಗಾಜಿನಲ್ಲಿ ಕಿಲ್‌ಬ್ರಾಕ್ ನೃತ್ಯಶಾಲೆಯ ಹಸಿರು ಪಟ್ಟಿ ಇತ್ತು. ಬಾಗಿಲು ತೆಗೆದು ಇಳಿದವಳು ಮಜೆಲ್ಲಾ. ಕೋಟಿನ ಗುಂಡಿ ಹಾಕಿರಲಿಲ್ಲ, ಗಾಳಿಗೆ ಕೂದಲು ಬಾಯಿಗೆ ಬರುತ್ತಿತ್ತು.

ತನ್ನನ್ನು ಹುಡುಕಿಕೊಂಡು ಬಂದಿದ್ದಾಳೆ, ಎಂದುಕೊಂಡಳು ಡಿಂಪ್ನಾ. ಕೂಗಲು ಕೈ ಎತ್ತಿದಳು.

ಮಜೆಲ್ಲಾ ಮನೆಯತ್ತ ನೋಡಲೂ ಇಲ್ಲ. ನೇರವಾಗಿ ಗೋಡೆಯ ಬಳಿಗೆ ನಡೆದಳು. ತಡಕಾಡಲಿಲ್ಲ, ಬಗ್ಗಿ ಹುಡುಕಲಿಲ್ಲ. ದಿನಾ ತನ್ನ ಮನೆಯ ಕಪಾಟಿಗೆ ಕೈ ಹಾಕುವವರ ಹಾಗೆ ಗೂಡಿಗೆ ಕೈ ಹಾಕಿ, ಕಲ್ಲು ಸರಿಸಿ, ಚೀಟಿ ತೆಗೆದಳು. ಓದಿದಳು. ಮಡಿಸಿ ಕೋಟಿನ ಒಳಜೇಬಿಗೆ ಇಟ್ಟುಕೊಂಡಳು.

ಎತ್ತಿದ ಕೈ ಗಾಜಿನ ಮೇಲೆ ಹಾಗೇ ಉಳಿಯಿತು.

“ನಾನು ಹೆಸರು ಹೇಳಿಲ್ಲ,” ಹಿಂದಿನಿಂದ ಬಾರ್ಟ್ಲಿಯ ದನಿ ಬಂತು, ತೀರಾ ಸಣ್ಣಗೆ. “ದೇವರು ನೋಡ್ತಾವ್ನೆ. ನಾನು ಹೇಳಿಲ್ಲ.”

ಈಗ ಮಜೆಲ್ಲಾ ಅಂಗಳ ದಾಟಿ ಬರುತ್ತಿದ್ದಳು, ಕೆಸರನ್ನೂ ಲೆಕ್ಕಿಸದೆ, ಓಡಿದ ಹಾಗೇ.

ಡಬ್ಬಿಯನ್ನು ಚೀಲದೊಳಗೆ ಬಚ್ಚಿಡಬಹುದಿತ್ತು. ಅದಕ್ಕೆ ಇನ್ನೂ ಹೊತ್ತಿತ್ತು. ಡಿಂಪ್ನಾ ಚೀಲದ ಬಾಯಿ ತೆರೆದಳು, ನೋಡಿದಳು, ಮುಚ್ಚಿದಳು. ಡಬ್ಬಿಯನ್ನು ಮೇಜಿನ ನಡುವೆ ಇಟ್ಟು, ಚೀಟಿಯ ಹೆಸರು ಬಾಗಿಲಿಗೆ ಕಾಣುವಂತೆ ತಿರುಗಿಸಿದಳು. ಕುರ್ಚಿ ಎಳೆದು ಕೂತಳು.

ಅಗಳಿ ಎದ್ದಿತು.

“ಬಾರ್ಟ್ಲಿ ತಾತ, ಬೇಗ ಹೇಳು,” ಮಜೆಲ್ಲಾ ಏದುಸಿರು ಬಿಡುತ್ತ ಒಳಗೆ ಬಂದಳು, ಉರಿಯ ಕಡೆಗಷ್ಟೇ ಕಣ್ಣಿಟ್ಟು. “ಸೋಮವಾರ ರಾತ್ರಿ ನಾನು ಇಟ್ಟ ಡಬ್ಬೀನ ಆಮೇಲೆ ಬಂದು ಮುಟ್ಟಿದ್ದು ಯಾರು?”